ಹಿಂಗೈಯ ನಮಸ್ಕಾರ

ನನ್ನ ಗಂಡ ಹೃದಯಾಘಾತದಿಂದ ತೀರಿಕೊಂಡರು ಎಂಬ ಮಾತನ್ನು ನಾನು ಒಂದು ದಿನವೂ ಪೂರ್ತಿ ನಂಬಿದವಳಲ್ಲ. ನಂಬಿಲ್ಲ ಎಂದು ಬಾಯಿಬಿಟ್ಟು ಹೇಳಿದವಳೂ ಅಲ್ಲ. ಆದರೆ ಮನಸ್ಸಿನಲ್ಲಿ ಇದ್ದದ್ದು ಮುಖದಲ್ಲಿ ಕಾಣುತ್ತದಲ್ಲ, ಹಾಗಾಗಿ ಮನೆಯಲ್ಲಿ ನನಗೆ ಅನುಮಾನದ ಹೆಂಗಸು ಎಂಬ ಹೆಸರು ಬಿದ್ದಿತ್ತು. ಹಾಲು ಒಡೆದರೆ ಹಾಲಿನ ಭಯ್ಯಾನನ್ನು ನಿಲ್ಲಿಸಿ ವಿಚಾರಿಸುತ್ತಿದ್ದೆ, ತರಕಾರಿಯವನ ತಕ್ಕಡಿಯ ಕೆಳಗೆ ಕೈ ಹಾಕಿ ನೋಡುತ್ತಿದ್ದೆ. ಇವಳಿಗೆ ದೇವರು ಪ್ರತ್ಯಕ್ಷನಾದರೂ ಆಧಾರ್ ಕಾರ್ಡ್ ಕೇಳುತ್ತಾಳೆ ಎಂದು ಓರಗಿತ್ತಿ ಬಂದವರ ಮುಂದೆಲ್ಲ ಆಡಿಕೊಂಡು ನಗುತ್ತಿದ್ದಳು. ಕೇಳಬೇಕಾದದ್ದೇ, ಅದರಲ್ಲಿ ತಪ್ಪೇನಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಮ್ಮದು ಉಡುಪಿ ಕಡೆಯ ಹೋಟೆಲಿನವರ ಕುಟುಂಬ. ಮಾವನವರು ಚಿಕ್ಕ ವಯಸ್ಸಿನಲ್ಲೇ ದೆಹಲಿಗೆ ಬಂದು, ವಸಂತ್ ಕುಂಜದ ಫ್ಲ್ಯಾಟುಗಳ ನಡುವಿನ ಮಾರ್ಕೆಟ್ಟಿನಲ್ಲಿ ಇಡ್ಲಿ ದೋಸೆಯ ಹೋಟೆಲು ಹಾಕಿದರು. ಅವರ ನಂತರ ಅವರ ದೊಡ್ಡ ಮಗ, ಎಂದರೆ ನನ್ನ ಭಾವ, ಗಲ್ಲಾದಲ್ಲಿ ಕುಳಿತರು. ನನ್ನ ಗಂಡ ಅಡುಗೆಮನೆ ನೋಡಿಕೊಂಡರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹೋಟೆಲಿನ ಒಳಗೆ ಕಂಡ ಒಂದು ಪದ್ಧತಿ ನನಗೆ ಬಹಳ ಹಿಡಿಸಿತ್ತು. ಅಲ್ಲಿ ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರು ಇತ್ತು. ಅದನ್ನು ಮುಟ್ಟುವ ಮೊದಲು ಯಾರೇ ಆಗಲಿ ಬಲಗೈಯ ಹಿಂಬದಿಯನ್ನು ಅದಕ್ಕೆ ಮೆಲ್ಲಗೆ ತಾಗಿಸಿ, ಆಮೇಲೆ ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅಂಗೈಯಲ್ಲಿ ಮುಟ್ಟುತ್ತಿರಲಿಲ್ಲ. ಅಡುಗೆ ಭಟ್ಟರು, ಪಾತ್ರೆ ತೊಳೆಯುವವರು, ನನ್ನ ಗಂಡ, ಎಲ್ಲರೂ ಹಾಗೆಯೇ. ಅನ್ನ ಕೊಡುವ ಕಲ್ಲು, ಎಂಜಲು ಅಂಗೈ ತಾಗಬಾರದು ಎಂದು ನಾನೇ ಅರ್ಥ ಮಾಡಿಕೊಂಡೆ. ನಾನೂ ಹಾಗೇ ಮುಟ್ಟಲು ಕಲಿತೆ, ಮಗಳು ನಡೆಯಲು ಕಲಿತ ಮೇಲೆ ಅವಳ ಅಪ್ಪ ಅವಳಿಗೂ ಕಲಿಸಿದರು.

ಏಳು ವರ್ಷದ ಹಿಂದೆ, ಜೋರು ಮಳೆ ಬಂದು ಹಿಂಬಾಗಿಲಿನಿಂದ ನೀರು ಒಳಗೆ ನುಗ್ಗಿದ್ದ ಒಂದು ಮಧ್ಯಾಹ್ನ, ಊಟದ ಗಿರಾಕಿಗಳು ಹೋದ ಮೇಲೆ, ಅವರು ಆ ಗ್ರೈಂಡರಿನ ಪಕ್ಕದಲ್ಲೇ ಬಿದ್ದರು. ಮಾರ್ಕೆಟ್ಟಿನ ಡಾಕ್ಟರು ಬಂದು ಹಾರ್ಟ್ ಎಂದರು. ಅವರನ್ನು ಮಲಗಿಸಿದಲ್ಲಿ ಕೈ ಹಿಡಿದುಕೊಂಡು ಕುಳಿತಿದ್ದಾಗ ಬಲ ಅಂಗೈಯಲ್ಲಿ ಕಡಲೆಕಾಳಿನಷ್ಟು ಕಪ್ಪು ಕಲೆ ಕಂಡಿತು. ಪಕ್ಕದಲ್ಲಿ ನಿಂತಿದ್ದ ಭಾವ, “ಅದು ದೋಸೆ ಕಾವಲಿ ತಾಗಿದ್ದು” ಎಂದರು. ನಾನು ಏನೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಅನುಮಾನ. ವೈಕುಂಠ ಸಮಾರಾಧನೆಯೂ ಆಗುವ ಮೊದಲು, ಹೋಟೆಲು ಮುಚ್ಚಿದ್ದಾಗ, ಭಾವ ಒಬ್ಬರೇ ಹೋಗಿ ಗ್ರೈಂಡರಿನ ಹಿಂದಿನ ಗೋಡೆಗೆ ಬಿಳಿ ಪೇಂಟು ಬಳಿದು ಬಂದರು. ತಮ್ಮನ ಚಿತೆಯ ಬೂದಿ ಆರಿಲ್ಲ, ಇವರಿಗೆ ಪೇಂಟಿನ ಚಿಂತೆ ಎಂದು ನನಗೆ ಮೈ ಉರಿದುಹೋಯಿತು. ಹೋಟೆಲು ಮತ್ತೆ ತೆರೆದ ಮೇಲೆ ಇನ್ನೊಂದು ಹೊಸ ಪದ್ಧತಿ ಬಂತು. ಗಲ್ಲಾ ಬಿಟ್ಟು ಕದಲದಿದ್ದ ಮನುಷ್ಯ ದಿನಾ ಮಧ್ಯಾಹ್ನ ಒಳಗೆ ಬಂದು, ಗ್ರೈಂಡರಿನ ಸ್ವಿಚ್ಚನ್ನು ತಾವೇ ಹಾಕಿ, ಅದಕ್ಕೆ ಹಿಂಗೈ ತಾಗಿಸತೊಡಗಿದರು. ಬೇರೆ ಯಾರೂ ಹಾಕುವ ಹಾಗಿಲ್ಲ. ತಮ್ಮನ ಮೇಲಿನ ಪ್ರೀತಿ ಎಂದು ಎಲ್ಲರೂ ಕಣ್ಣು ಒರೆಸಿಕೊಂಡರು. ನಾನು ಪಾರ್ಸೆಲ್ ಕಟ್ಟುವ ಕಡೆಯಿಂದ ಅವರನ್ನೇ ನೋಡುತ್ತಿದ್ದೆ, ಏನನ್ನು ಹುಡುಕುತ್ತಿದ್ದೇನೆ ಎಂಬುದು ಮಾತ್ರ ನನಗೂ ಗೊತ್ತಿರಲಿಲ್ಲ.

ಮಗಳು ಹತ್ತನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಭಾವ ಇದ್ದಕ್ಕಿದ್ದಂತೆ ಧಾರಾಳಿಯಾದರು. ಓಖ್ಲಾದಲ್ಲಿ ಕ್ಯಾಥೊಲಿಕ್ ಬ್ರದರುಗಳು ನಡೆಸುವ ಒಂದು ಶಾಲೆಯಿದೆ, ಬೆಳಿಗ್ಗೆ ಹನ್ನೊಂದು ಹನ್ನೆರಡನೆಯ ತರಗತಿಯ ಪಾಠ, ಮಧ್ಯಾಹ್ನ ಕೈಕೆಲಸ, ಅಲ್ಲಿ ಕರೆಂಟಿನ ಕೆಲಸ ಕಲಿಯಲಿ, ಖರ್ಚು ನನ್ನದು ಎಂದರು. ನಮ್ಮ ಹುಡುಗಿ ಓದಿನಲ್ಲಿ ಚುರುಕು. ಅವಳನ್ನು ಸ್ಕ್ರೂಡ್ರೈವರ್ ಹಿಡಿಯಲು ಯಾಕೆ ಕಳಿಸಬೇಕು? ಓರಗಿತ್ತಿಗೆ ಇದ್ದ ಭಯ ಬೇರೆ. “ಅಲ್ಲಿ ಹೋದ್ರೆ ಶಿಲುಬೆ ಹಾಕಿಸ್ತಾರೆ, ನೋಡ್ತಾ ಇರು” ಎಂದಳು. ಆ ಭಯ ನನಗಿರಲಿಲ್ಲ. ಊರಿನಲ್ಲಿ ನಾನು ಓದಿದ್ದೇ ಸಿಸ್ಟರುಗಳ ಶಾಲೆಯಲ್ಲಿ, ಅವರ ಬೆತ್ತದ ಏಟು ಬಿಟ್ಟರೆ ಬೇರೇನೂ ನನಗೆ ಅಂಟಿಕೊಂಡಿಲ್ಲ. ನನ್ನ ಅನುಮಾನ ಪೂರ್ತಿ ಭಾವನ ಮೇಲೆ. ಮುಂದೆ ಗಲ್ಲಾದಲ್ಲಿ ತಮ್ಮ ಮಗನೇ ಕೂರಬೇಕು, ತಮ್ಮನ ಮಗಳು ಪಾಲು ಕೇಳದ ಹಾಗೆ ಅವಳನ್ನು ರಿಪೇರಿಯವಳನ್ನಾಗಿ ಮಾಡಿಬಿಡಬೇಕು, ಇದೇ ಲೆಕ್ಕ ಎಂದುಕೊಂಡೆ.

ಮಗಳನ್ನೇ ಕೇಳಿದೆ. ದೆಹಲಿಯಲ್ಲಿ ಬೆಳೆದ ಹುಡುಗಿ, ಅರ್ಧ ಕನ್ನಡ, ಅರ್ಧ ಹಿಂದಿ.

“ನಂಗೆ ಹೋಗ್ಬೇಕು ಅಮ್ಮಾ. ಕೆಮಿಸ್ಟ್ರಿ ಕೌನ್ ಪಢೇಗಾ? ಮಶೀನ್ ಬಿಚ್ಚೋದು ನಂಗಿಷ್ಟ.”

“ದೊಡ್ಡಪ್ಪ ನಿನಗೆ ಏನಾದ್ರೂ ಹೇಳಿಕೊಟ್ರಾ?”

“ನಿಂದು ಶುರು ಆಯ್ತು” ಎಂದು ಎದ್ದು ಹೋದಳು.

ಆ ಶಾಲೆಯಲ್ಲಿ ವೈರಿಂಗ್ ಕಲಿಸುವ ಬ್ರದರು ನಮಗೆ ಗೊತ್ತಿದ್ದವರೇ. ಮಂಗಳೂರು ಕಡೆಯವರು, ತಲೆ ಪೂರ್ತಿ ಬೆಳ್ಳಗಾದ ಮನುಷ್ಯ. ಗುರುವಾರ ನಮ್ಮಲ್ಲಿ ನೀರು ದೋಸೆ ಮಾಡುತ್ತಾರೆಂದು ಓಖ್ಲಾದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ತಿಂದಾದ ಮೇಲೆ ಗಲ್ಲಾದ ಪಕ್ಕ ನಿಂತು ಭಾವನ ಜೊತೆ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಇಬ್ಬರೂ ಊರಿನ ಮೀನು, ಮಳೆ ಎಂದು ಮಾತಾಡುತ್ತಿದ್ದರೋ ಏನೋ. ನಾನು ಹತ್ತಿರ ಹೋದ ಕೂಡಲೇ ಮಾತು ನಿಲ್ಲುತ್ತಿತ್ತು, ಅಥವಾ ನಿಂತಂತೆ ನನಗೆ ಕೇಳುತ್ತಿತ್ತು.

ಮಗಳು ಶಾಲೆಗೆ ಸೇರಿದಳು. ಮೊದಲ ವಾರವೇ ಅವಳ ಕೊರಳಿನ ಸರ, ಕೈಬಳೆ, ಮಣಿಕಟ್ಟಿನಲ್ಲಿ ಕಟ್ಟಿದ್ದ ದೇವಸ್ಥಾನದ ದಾರ ಎಲ್ಲ ಮಾಯವಾದವು. ಓರಗಿತ್ತಿ ನನ್ನನ್ನು ನೋಡಿ ತಲೆಯಾಡಿಸಿದಳು. “ವರ್ಕ್‌ಶಾಪ್ ರೂಲ್ ಅದು. ಮಶೀನಲ್ಲಿ ಸಿಕ್ಕಿಹಾಕ್ಕೊಂಡ್ರೆ?” ಎಂದು ಮಗಳು ಸಿಡುಕಿದಳು. ಅವಳ ಮಾತು ಸರಿಯೇ ಇರಬಹುದು, ಆದರೂ ಕಣ್ಣಾರೆ ನೋಡದೆ ನನಗೆ ಸಮಾಧಾನವಿಲ್ಲ. ಶನಿವಾರ ಪಾಠವಿಲ್ಲ, ಬೆಳಿಗ್ಗೆಯಿಂದಲೇ ಕೈಕೆಲಸ. ಒಂದು ಶನಿವಾರ ಹೇಳದೆ ಕೇಳದೆ ಆಟೋ ಹಿಡಿದು ಓಖ್ಲಾಕ್ಕೆ ಹೋದೆ.

ರಫ್ತಿನ ಬಟ್ಟೆ ಹೊಲಿಯುವ ಕಾರ್ಖಾನೆ ಒಂದು ಕಡೆ, ಪ್ರಿಂಟಿಂಗ್ ಪ್ರೆಸ್ ಇನ್ನೊಂದು ಕಡೆ, ನಡುವೆ ಶಾಲೆಯ ಗೇಟು. ಒಳಗೆ ಮಾತೆಯ ಪುಟ್ಟ ಪ್ರತಿಮೆ, ಅದರ ಮುಂದೆ ಚೆಂಡುಹೂವಿನ ಕುಂಡಗಳು. ಹೊಲಿಗೆಯ ಕೋಣೆ, ಫ್ರಿಜ್ ರಿಪೇರಿಯ ಕೋಣೆ ದಾಟಿದರೆ ಕೊನೆಯಲ್ಲಿ ವೈರಿಂಗಿನ ಕೋಣೆ. ಫರೀದಾಬಾದಿನಿಂದ, ಓಖ್ಲಾದ ಗಲ್ಲಿಗಳಿಂದ ಬಂದ ಮಕ್ಕಳು ಹಲಗೆಗಳ ಮೇಲೆ ತಂತಿ ಎಳೆಯುತ್ತಿದ್ದರು. ಮಗಳು ನನ್ನನ್ನು ಕಂಡು ಹಣೆ ಚಚ್ಚಿಕೊಂಡಳು. ಗೋಡೆಯ ಮೇಲೆ ದೊಡ್ಡ ಹಿಂದಿ ಅಕ್ಷರದಲ್ಲಿ ಒಂದು ವಾಕ್ಯ ಬರೆದಿತ್ತು. ಲೈನ್ ಬಂದ್ ಆಗಿದೆ ಎಂದು ಯಾರು ಹೇಳಿದರೂ ನಂಬಬೇಡಿ, ನೀವೇ ಟೆಸ್ಟರ್ ಇಟ್ಟು ನೋಡಿ ಎಂದು ಅದರ ಅರ್ಥ. ನಾನು ಅದನ್ನು ಎರಡು ಸಲ ಓದಿದೆ. ದೇವರ ಶಾಲೆಯಲ್ಲಿ ನಂಬಬೇಡಿ ಎಂದು ಕಲಿಸುತ್ತಾರಲ್ಲ ಎಂದು ಮೊದಲ ಬಾರಿಗೆ ಆ ಜಾಗದ ಮೇಲೆ ಗೌರವ ಬಂತು.

ಬ್ರದರು ಕುರ್ಚಿ ಕೊಟ್ಟು ಕೂರಿಸಿದರು. ಚಹಾ ತರಿಸಿದರು. ಆಮೇಲೆ ಕೇಳಿದರು, “ನೀವು ಬೇಜಾರು ಮಾಡ್ಬೇಡಿ. ಒಂದು ವಿಷಯ ಕೇಳ್ಲಿಕ್ಕಿತ್ತು. ಇವಳು ಯಾವ ಮಶೀನ್ ಮುಟ್ಟುವುದಿದ್ರೂ ಮೊದಲು ಹಿಂಗೈ ತಾಗಿಸ್ತಾಳೆ. ಮತ್ತೆ ಕಣ್ಣಿಗೆ ಒತ್ತಿಕೊಳ್ತಾಳೆ. ಹೀಗೆ ಮುಟ್ಲಿಕ್ಕೆ ಯಾರು ಕಲಿಸಿದ್ದು?”

“ಅವಳ ಅಪ್ಪ. ನಮ್ಮ ಹೋಟೆಲಲ್ಲಿ ಎಲ್ಲರೂ ಗ್ರೈಂಡರಿಗೆ ಹಾಗೇ ನಮಸ್ಕಾರ ಮಾಡೋದು.”

ಅವರು ಚಹಾದ ಲೋಟ ಕೆಳಗಿಟ್ಟರು. “ಕಣ್ಣಿಗೆ ಒತ್ತುವುದು ನಮಸ್ಕಾರ, ಸರಿ. ಆದ್ರೆ ಹಿಂಗೈ ನಮಸ್ಕಾರ ಅಲ್ಲ ಅಮ್ಮ. ಅದು ಕರೆಂಟಿನವರ ಹಳೇ ಅಭ್ಯಾಸ. ಮಶೀನಿನ ಮೈಯಲ್ಲಿ ಕರೆಂಟು ಬರ್ತಾ ಇದ್ರೆ, ಹಿಂಗೈ ತಾಗಿದ್ರೆ ಕೈ ಹಿಂದಕ್ಕೆ ಎಳ್ಕೊಳ್ತದೆ. ಅಂಗೈ ತಾಗಿದ್ರೆ ಕೈ ಮುಷ್ಟಿ ಕಟ್ಟಿ ಅದನ್ನೇ ಹಿಡ್ಕೊಳ್ತದೆ, ಬಿಡ್ಲಿಕ್ಕೆ ಆಗುವುದಿಲ್ಲ. ನಿಮ್ಮ ಗ್ರೈಂಡರು ಮುಟ್ಟಿದ್ರೆ ಕೈ ಜುಂ ಅಂತದಾ?”

ಬಲ ಅಂಗೈ. ಕಡಲೆಕಾಳಿನಷ್ಟು ಕಪ್ಪು ಕಲೆ. ಮರುಕ್ಷಣವೇ ನನ್ನ ಬುದ್ಧಿ ತನ್ನ ಹಳೆಯ ದಾರಿ ಹಿಡಿಯಿತು. ಈ ಮನುಷ್ಯ ಇದನ್ನು ನನಗೆ ಯಾಕೆ ಹೇಳುತ್ತಿದ್ದಾನೆ? ಪ್ರತಿ ಗುರುವಾರ ಗಲ್ಲಾದ ಪಕ್ಕ ಪಿಸುಗುಟ್ಟುವವನಿಗೆ ಗೊತ್ತಿಲ್ಲದ್ದು ಏನಿದೆ?

“ನನ್ನ ಭಾವ ನಿಮ್ಮ ಹತ್ರ ಏನಾದ್ರೂ ಒಪ್ಪಿಕೊಂಡಿದ್ದಾರಾ?” ಎಂದು ನೇರವಾಗಿಯೇ ಕೇಳಿದೆ.

ಅವರು ತಲೆ ಅಲ್ಲಾಡಿಸಿದರು. “ನಾನು ಪಾದ್ರಿ ಅಲ್ಲಮ್ಮ, ಬ್ರದರ್ ಮಾತ್ರ. ಪಾಪ ಕೇಳುವ ಅಧಿಕಾರ ನನಗಿಲ್ಲ. ನನಗೆ ಬರುವುದು ವೈರಿಂಗು. ನಿಮ್ಮ ಭಾವ ಒಂದೇ ಮಾತು ಕೇಳಿದ್ದು, ಹುಡುಗಿಗೆ ಅರ್ತಿಂಗ್ ಚೆನ್ನಾಗಿ ಕಲಿಸಿ ಅಂತ. ಮಶೀನಿನ ಮೈಗೆ ಬಂದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ ಉಂಟಲ್ಲ, ಅದು. ಯಾಕೆ ಅದೇ ಅಂತ ನಾನೂ ಕೇಳ್ಲಿಲ್ಲ.”

ಮಗಳು ಹಲಗೆಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಚೀಲ ತೆಗೆದುಕೊಂಡು ನನ್ನ ಜೊತೆಗೇ ಆಟೋ ಹತ್ತಿದಳು. ನಮ್ಮ ಮಾರ್ಕೆಟ್ಟಿನ ತಿರುವಿನಲ್ಲಿ, “ಅಮ್ಮಾ, ಅಪ್ಪಂಗೆ ನಿಜವಾಗ್ಲೂ ಹಾರ್ಟ್ ಪ್ರಾಬ್ಲಮ್ ಇತ್ತಾ?” ಎಂದು ಕೇಳಿದಳು. ಏಳು ವರ್ಷದಿಂದ ನಾನು ನನ್ನೊಳಗೇ ಕೇಳಿಕೊಂಡ ಪ್ರಶ್ನೆ. ಅದನ್ನು ಅವಳ ಬಾಯಲ್ಲಿ ಕೇಳಿ ನನಗೆ ಅಳು ಬಂತು. ಗೊತ್ತಿಲ್ಲ ಎಂದೆ.

ನೇರವಾಗಿ ಅಡುಗೆಮನೆಗೆ ಹೋದೆವು. ಮಧ್ಯಾಹ್ನದ ಊಟ ಮುಗಿದಿತ್ತು, ರುಬ್ಬುವ ಹೊತ್ತು ಇನ್ನೂ ಆಗಿರಲಿಲ್ಲ. ಭಟ್ಟರು ತೂಕಡಿಸುತ್ತಿದ್ದರು. ಮಗಳು ಶಾಲೆಯ ಚೀಲದಿಂದ ಟೆಸ್ಟರ್ ತೆಗೆದು, ಸ್ವಿಚ್ಚು ಹಾಕಿ, ಗ್ರೈಂಡರಿನ ಮೈಗೆ ಇಟ್ಟಳು. ಅದರ ಪುಟ್ಟ ದೀಪ ಉರಿಯಲಿಲ್ಲ. ಕರೆಂಟಿಲ್ಲ. ನನಗೆ ಒಂದು ಕ್ಷಣ ನಿರಾಸೆಯೇ ಆಯಿತು, ನಿಜ ಹೇಳುತ್ತೇನೆ.

“ಭಟ್ರೇ, ಇದು ಜುಂ ಅನ್ನತ್ತಾ?” ಎಂದು ಅವಳು ಕೇಳಿದಳು.

“ಮೊದ್ಲು ಅಂತಿತ್ತು ಪುಟ್ಟಿ. ಮಳೆಗಾಲದಲ್ಲಿ ಜಾಸ್ತಿ. ಅದರ ಸ್ವಭಾವವೇ ಹಾಗೆ ಅಂತ ನಾವು ನೋಡಿಕೊಂಡು ಮುಟ್ತಿದ್ವಿ. ಈಗ ಸುಮಾರು ವರ್ಷದಿಂದ ಇಲ್ಲಪ್ಪ. ನಿನ್ನಪ್ಪ ಹೋದ ಮೇಲೆ ಇಲ್ಲ.”

ಭಟ್ಟರು ಅದನ್ನು ಏನೂ ವಿಶೇಷವಿಲ್ಲದ ಮಾತಿನ ಹಾಗೆ ಹೇಳಿದರು. ಅಷ್ಟು ವರ್ಷ ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ನನ್ನೊಬ್ಬಳಿಗೆ ಗೊತ್ತಿರಲಿಲ್ಲ. ನಾನು ಅದನ್ನು ಭಕ್ತಿ ಎಂದುಕೊಂಡಿದ್ದೆ, ಅವರಿಗೆ ಅದು ಮೊದಲು ಹೆದರಿಕೆಯಾಗಿತ್ತು, ಆಮೇಲೆ ಅಭ್ಯಾಸವಾಗಿತ್ತು. ಮಗಳು ಆಗಲೇ ಸ್ವಿಚ್ಚು ಆರಿಸಿ, ಮತ್ತೆ ಟೆಸ್ಟರ್ ಇಟ್ಟು ನೋಡಿ, ನೆಲದ ಮೇಲೆ ಮಲಗಿ ಗ್ರೈಂಡರಿನ ಅಡಿಗೆ ಇಣುಕುತ್ತಿದ್ದಳು. ಕಾಲಿನ ಹತ್ತಿರ ಒಂದು ಬೋಲ್ಟಿಗೆ ಸುತ್ತಿದ್ದ ತಂತಿ ಸಿಕ್ಕಿತು. ಅದು ಅಕ್ಕಿಯ ಡ್ರಮ್ಮುಗಳ ಹಿಂದಿನಿಂದ ಗೋಡೆಗುಂಟ ಹೋಗಿ, ಹಿಂಬಾಗಿಲಿನ ಹೊರಗೆ ನೆಲದಲ್ಲಿ ಹೂತಿದ್ದ ಕಬ್ಬಿಣದ ಕೊಳವೆಗೆ ಸೇರಿತ್ತು. ಗೋಡೆಯ ಮೇಲಿನ ತಂತಿ ಬೆಳ್ಳಗಿತ್ತು. ಮಗಳು ಉಗುರಿನಿಂದ ಕೆರೆದಳು. ಬಿಳಿ ಪೇಂಟಿನ ಪೊರೆ ಎದ್ದು ಬಂತು, ಕೆಳಗೆ ಹಸಿರು ಬಣ್ಣ ಕಂಡಿತು.

“ಅರ್ತಿಂಗ್ ವೈರು” ಎಂದಳು. “ಮೊದ್ಲು ವೈರು ಹಾಕಿ, ಆಮೇಲೆ ಅದರ ಮೇಲೆ ಪೇಂಟ್ ಮಾಡಿದ್ದಾರೆ. ಯಾವಾಗ ಮಾಡಿದ್ದು ಪೇಂಟು?”

ಯಾವಾಗ ಎಂದು ನನಗೆ ಗೊತ್ತಿತ್ತು. ಈ ಮನೆಯಲ್ಲಿ ಆ ಪೇಂಟನ್ನು ಮರೆಯದೆ ಇದ್ದವಳು ನಾನೊಬ್ಬಳೇ.

ಅಷ್ಟರಲ್ಲಿ ಭಾವ ದಿನದಂತೆ ಗಲ್ಲಾದಿಂದ ಎದ್ದು ಒಳಗೆ ಬಂದರು. ಡ್ರಮ್ಮು ಸರಿಸಿದ್ದು, ಗೋಡೆ ಕೆರೆದದ್ದು, ಹುಡುಗಿಯ ಕೈಯಲ್ಲಿನ ಟೆಸ್ಟರು ಒಂದೊಂದಾಗಿ ಅವರ ಕಣ್ಣಿಗೆ ಬಿದ್ದವು. ಬೈಯಬಹುದು, ಬೊಬ್ಬೆ ಹಾಕಬಹುದು ಎಂದು ನಾನು ಸೀರೆ ಸೆರಗು ಸಿಕ್ಕಿಸಿಕೊಂಡು ಸಿದ್ಧಳಾದೆ. ಅವರು ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟರು.

“ಯಾವಾಗ ಹಾಕಿದ್ದು ದೊಡ್ಡಪ್ಪಾ ಈ ವೈರು?”

“ಸ್ಮಶಾನದಿಂದ ಬಂದ ಮಾರನೇ ದಿನ.”

“ಅಂದ್ರೆ ನಿಮಗೆ ಪತಾ ಥಾ.”

“ಗೊತ್ತಿತ್ತು. ನೀರಲ್ಲಿ ಕಾಲು ಜಾರಿ ಅದನ್ನೇ ಹಿಡ್ಕೊಂಡಿದ್ದ, ನಾನೇ ಕೋಲು ತಗೊಂಡು ಅವನ ಕೈ ಬಿಡಿಸಿದ್ದು. ಪೊಲೀಸು ಬಂದ್ರೆ ಪೋಸ್ಟ್‌ಮಾರ್ಟಂ, ಹೋಟ್ಲಿಗೆ ಬೀಗ. ಇಷ್ಟು ಜನ ಎಲ್ಲಿಗೆ ಹೋಗ್ಬೇಕು? ಡಾಕ್ಟರು ಹಾರ್ಟ್ ಅಂದ್ರು, ನಾನು ಹೌದು ಅಂದೆ.”

“ನಿಮ್ಮ ತಮ್ಮ ಎಲ್ಲಿಗೆ ಹೋಗ್ಬೇಕಿತ್ತು ಭಾವ?” ಎಂದೆ. ಮದುವೆಯಾದಾಗಿನಿಂದ ಅವರ ಎದುರು ನಾನು ದನಿ ಎತ್ತಿದವಳಲ್ಲ. ಅಂದು ಎತ್ತಿದ ದನಿಗೆ ಹೊರಗೆ ಕಾಫಿ ಕುಡಿಯುತ್ತಿದ್ದವರು ತಿರುಗಿ ನೋಡಿದರಂತೆ.

ಅವರು ನೆಲ ನೋಡುತ್ತಾ ಹೇಳಿದರು, “ನನಗೂ ವಯಸ್ಸಾಯ್ತು. ದಿನಾ ಬಂದು ಸ್ವಿಚ್ಚು ಹಾಕ್ಲಿಕ್ಕೆ ಎಷ್ಟು ದಿನ ಆಗ್ತದೆ? ನಾಳೆ ಯಾರೋ ಒಬ್ಬ ರಿಪೇರಿಯವ ಬಂದು, ಈ ತಂತಿ ಯಾಕೆ ಅಂತ ಕಿತ್ತು ಬಿಸಾಕಿದ್ರೆ? ಅದು ಯಾಕಿದೆ ಅಂತ ನಮ್ಮವರು ಒಬ್ಬರಿಗಾದ್ರೂ ತಿಳಿದಿರ್ಬೇಕಲ್ಲ. ಹೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ. ಕಲಿತ್ರೆ ಅವಳೇ ಕಂಡುಕೊಳ್ತಾಳೆ ಅಂದುಕೊಂಡೆ.”

ಗಲ್ಲಾದ ಲೆಕ್ಕ, ಮಗನ ಲೆಕ್ಕ ಎಂದು ನಾನು ಹೆಣೆದುಕೊಂಡಿದ್ದೆಲ್ಲ ಸುಳ್ಳಾಯಿತು. ಇದ್ದದ್ದು ಅದಕ್ಕಿಂತ ಕೆಟ್ಟದ್ದು. ತಮ್ಮ ಬಾಯಿಂದ ಹೊರಡದ ಮಾತನ್ನು ಹುಡುಗಿಗೆ ಪರೀಕ್ಷೆಯ ಪ್ರಶ್ನೆಯ ಹಾಗೆ ಇಟ್ಟು, ಅವಳ ಅಪ್ಪ ಹೇಗೆ ಸತ್ತರೆಂದು ಅವಳೇ ನೆಲದ ಮೇಲೆ ಮಲಗಿ ಹುಡುಕುವಂತೆ ಮಾಡಿದ್ದರು. ನನಗೆ ಆದದ್ದು ಬರೀ ಕೋಪ. ಅನುಮಾನ ನಿಜವಾದರೆ ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಪ್ರತಿವರ್ಷ ಆಯುಧಪೂಜೆಯ ದಿನ ಆ ಗ್ರೈಂಡರಿಗೆ ಹೂವು ಹಾಕಿದ ಮೇಲೆ ನಾನೂ ಹಿಂಗೈ ತಾಗಿಸಿ, ಕಣ್ಣಿಗೆ ಒತ್ತಿಕೊಂಡು, ಅವರಿಗೆ ಸದ್ಗತಿ ಕೊಡು ಎಂದು ಬೇಡಿಕೊಳ್ಳುತ್ತಿದ್ದೆ. ಅವರನ್ನು ಕೊಂದದ್ದನ್ನೇ ಬೇಡಿಕೊಂಡಿದ್ದೆ.

ಆ ಕಲ್ಲು ಹೊರಗೆ ಹೋಗಬೇಕು ಎಂದು ಹಟ ಹಿಡಿದೆ. ಭಾವ ಒಪ್ಪಿದರು. ಒಪ್ಪದೆ ನಿಂತವಳು ಮಗಳು. “ಕಲ್ಲಿಂದು ಏನ್ ತಪ್ಪು? ಮೋಟರ್ ಲೀಕ್ ಆಗ್ತಿತ್ತು, ಅರ್ತಿಂಗ್ ಇರ್ಲಿಲ್ಲ. ಎರಡೂ ಸರಿ ಮಾಡ್ಬಹುದು” ಎಂದಳು. ಬ್ರದರನ್ನು ಕರೆಸಿದಳು. ಅವರು ಶಾಲೆಯ ನಾಲ್ಕಾರು ಮಕ್ಕಳೊಂದಿಗೆ ಬಂದರು. ಮೋಟರನ್ನು ಬಿಚ್ಚಿ ಓಖ್ಲಾಕ್ಕೆ ಒಯ್ದು ಹೊಸ ತಂತಿ ಸುತ್ತಿಸಿದರು. ಮಣ್ಣಿನಲ್ಲಿ ಸರಿಯಾದ ಗುಂಡಿ ತೋಡಿ ಹೊಸ ಅರ್ತಿಂಗ್ ಹಾಕಿದರು. ಕರೆಂಟು ಸ್ವಲ್ಪ ಸೋರಿದರೂ ತಾನೇ ಲೈನ್ ಕಡಿಯುವ ಸ್ವಿಚ್ಚನ್ನು ಕೂರಿಸಿದರು. ಈ ಸಲ ತಂತಿಯ ಮೇಲೆ ಪೇಂಟು ಬಳಿಯಲು ಮಗಳು ಬಿಡಲಿಲ್ಲ. ಹಸಿರು ಹಸಿರಾಗಿಯೇ ಕಾಣಬೇಕು ಎಂದಳು. ಅವಳು ಕೆಲಸ ಮಾಡುತ್ತಿದ್ದಷ್ಟು ಹೊತ್ತೂ ನಾನು ಪಕ್ಕದಲ್ಲೇ ನಿಂತಿದ್ದೆ. ಬ್ರದರಿನ ಕೈಯನ್ನೂ ನೋಡುತ್ತಿದ್ದೆ. ಅನುಮಾನ ಒಂದೇ ದಿನದಲ್ಲಿ ಬಿಟ್ಟುಹೋಗುವಂಥದ್ದಲ್ಲ.

ಎಲ್ಲ ಮುಗಿದ ಮೇಲೆ ಮಗಳು ಕೆಲಸದವರನ್ನೆಲ್ಲ ಕರೆದು, ಇನ್ನು ಮೇಲೆ ಹಿಂಗೈ ಬೇಡ, ಪೂರ್ತಿ ಕೈ ಇಡಿ ಎಂದಳು. ಭಟ್ಟರು ಹೆದರುತ್ತಲೇ ಅಂಗೈ ಇಟ್ಟು, ತೆಗೆದು, ಮತ್ತೆ ಇಟ್ಟು ನಕ್ಕರು. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ನಾನು ಮುಂದೆ ಹೋಗಲಿಲ್ಲ. ಮಗಳು ನನ್ನ ಹತ್ತಿರ ಬಂದು ಟೆಸ್ಟರನ್ನು ನನ್ನ ಕೈಗೆ ಕೊಟ್ಟಳು.

“ನಾನು ಹೇಳಿದ್ದನ್ನ ನಂಬ್ಬೇಡ ಅಮ್ಮಾ. ನೀನೇ ನೋಡು.”

ನಾನೇ ಸ್ವಿಚ್ಚು ಹಾಕಿದೆ. ನಾನೇ ಇಟ್ಟು ನೋಡಿದೆ. ದೀಪ ಉರಿಯಲಿಲ್ಲ. ಆಮೇಲೆ ಬಲ ಅಂಗೈಯನ್ನು ಗ್ರೈಂಡರಿನ ಮೈಮೇಲೆ ಪೂರ್ತಿ ಒತ್ತಿ ಹಿಡಿದೆ. ಅದು ತಿರುಗುತ್ತಾ ನನ್ನ ಕೈಯನ್ನು ಅದುರಿಸುತ್ತಿತ್ತು. ಅವರ ಕೈ ಕೊನೆಯದಾಗಿ ಹಿಡಿದದ್ದು ಅದೇ ಜಾಗ. ಉದ್ದು ನುಣ್ಣಗಾಗುವವರೆಗೆ ಕೈ ತೆಗೆಯಲಿಲ್ಲ, ಮಗಳೂ ತೆಗೆ ಎನ್ನಲಿಲ್ಲ.

ಈಗ ದಿನಾ ಸ್ವಿಚ್ಚು ಹಾಕುವುದು ನಾನು. ಭಾವ ಮಾತ್ರ ಇನ್ನೂ ಅದೇ ಹೊತ್ತಿಗೆ ಗಲ್ಲಾದಿಂದ ಎದ್ದು ಒಳಗೆ ಬರುತ್ತಾರೆ, ಗ್ರೈಂಡರಿನ ಮುಂದೆ ನಿಂತು ಕೈ ತಿರುಗಿಸಿ ಹಿಂಗೈಯನ್ನೇ ತಾಗಿಸುತ್ತಾರೆ. ಅಂಗೈ ಇಡಿ ಎಂದು ಮಗಳು ಅವರಿಗೆ ಹೇಳಿಲ್ಲ. ನಾನೂ ಹೇಳುವುದಿಲ್ಲ.